ಅಂಕ ಮೂವತ್ತು, ತೀರ್ಪು ಮೀಸಲು ಬೆಲೆಯದು: ‘ದಿ ಬ್ಲಾಕ್’ ಸ್ಪರ್ಧೆಯ ಲೆಕ್ಕ

2022ರ ನವೆಂಬರ್ ಮೊದಲ ವಾರಾಂತ್ಯ ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದ ಗಿಸ್ಬರ್ನ್‌ನಲ್ಲಿ ಐದು ಮನೆಗಳು ಹರಾಜಿಗೆ ಬಂದವು. ಐದಕ್ಕೂ ಮೀಸಲು ಬೆಲೆ ಒಂದೇ, 40.80 ಲಕ್ಷ ಆಸ್ಟ್ರೇಲಿಯನ್ ಡಾಲರ್. ಒಂದು ಮನೆ 56,66,666.66 ಡಾಲರಿಗೆ ಹೋಯಿತು. ಇನ್ನೊಂದು 42.49 ಲಕ್ಷಕ್ಕೆ, ಮತ್ತೊಂದು 41 ಲಕ್ಷಕ್ಕೆ. ಉಳಿದ ಎರಡಕ್ಕೆ ಮೀಸಲು ಬೆಲೆಯಷ್ಟೂ ಕೂಗು ಬರಲಿಲ್ಲ. ಅಲ್ಲಿನ ನೈನ್ ವಾಹಿನಿಯ ಒಳಾಂಗಣ ವಿನ್ಯಾಸ ಸ್ಪರ್ಧೆ ‘ದಿ ಬ್ಲಾಕ್’ನ ಆ ವರ್ಷದ ಫಲಿತಾಂಶ ಇದು. ಡಾಲರಿಗೆ 55 ರೂಪಾಯಿ ಎಂದು ಹಿಡಿದರೆ ಗೆದ್ದ ಜೋಡಿಯ ಲಾಭ 8.73 ಕೋಟಿ ರೂ., ಮೂರನೆಯ ಜೋಡಿಯದು 11 ಲಕ್ಷ ರೂ., ಕೊನೆಯ ಎರಡು ಜೋಡಿಗಳದು ಅಂದಿನ ಮಟ್ಟಿಗೆ ಸೊನ್ನೆ.

ಸ್ಪರ್ಧೆಯ ನಿಯಮ ಸರಳ. ನಾಲ್ಕೈದು ಜೋಡಿಗಳಿಗೆ ವಾಹಿನಿ ಒಂದೊಂದು ಹಳೆಯ ಮನೆ ಅಥವಾ ಫ್ಲ್ಯಾಟ್ ಕೊಡುತ್ತದೆ. ವಾರಕ್ಕೊಂದು ಕೋಣೆಯಂತೆ ಸುಮಾರು ಮೂರು ತಿಂಗಳು ಕೆಲಸ. ಮೂವರು ತೀರ್ಪುಗಾರರು ತಲಾ 10ರಂತೆ ಒಟ್ಟು 30 ಅಂಕಕ್ಕೆ ಕೋಣೆಯನ್ನು ಅಳೆಯುತ್ತಾರೆ. ವಾರದ ಗೆಲುವಿಗೆ 10,000 ಡಾಲರ್. ಕೊನೆಗೆ ಮನೆ ಹರಾಜಾಗುತ್ತದೆ. ಮೀಸಲು ಬೆಲೆ ಎಂದರೆ ಇದಕ್ಕಿಂತ ಕಡಿಮೆಗೆ ಮಾರುವುದಿಲ್ಲ ಎಂದು ಮೊದಲೇ ಗೊತ್ತು ಮಾಡಿದ ಮೊತ್ತ. ಅದರ ಮೇಲೆ ಬಂದ ಹಣವೆಲ್ಲ ಜೋಡಿಗೆ, ಅತಿ ಹೆಚ್ಚು ಲಾಭ ಮಾಡಿದವರಿಗೆ ಇನ್ನೂ 1 ಲಕ್ಷ ಡಾಲರ್. ಮೀಸಲು ಬೆಲೆಯವರೆಗಿನ ಹಣ ನಿರ್ಮಾಪಕರದು.

ಐಪಿಎಲ್ ಹರಾಜು ನೋಡಿದವರಿಗೆ ಇಲ್ಲಿ ಒಂದು ವ್ಯತ್ಯಾಸ ಕೂಡಲೇ ಕಾಣುತ್ತದೆ. ಅಲ್ಲಿ 2 ಕೋಟಿ ಮೂಲ ಬೆಲೆಯ ಆಟಗಾರ 10 ಕೋಟಿಗೆ ಹೋದರೆ ಹತ್ತೂ ಕೋಟಿ ಅವನ ಲೆಕ್ಕಕ್ಕೆ. ‘ದಿ ಬ್ಲಾಕ್’ನ ನಿಯಮ ಅಲ್ಲಿಗೆ ಬಂದರೆ ಅವನ ಕೈಗೆ ಸಿಗುವುದು 8 ಕೋಟಿ, ಮೂಲ ಬೆಲೆಯನ್ನು 9 ಕೋಟಿಗೆ ಏರಿಸಿದರೆ 1 ಕೋಟಿ. ಆಟ ಅದೇ, ಕೂಗಿದ ಬೆಲೆಯೂ ಅದೇ. ಪ್ರೇಕ್ಷಕರ ದೂರುಗಳಲ್ಲಿ ಹೆಚ್ಚಿನವು ಈ ಒಂದು ಕಳೆಯುವ ಲೆಕ್ಕದಿಂದ ಹುಟ್ಟಿದವು, ಆದರೆ ಬೊಟ್ಟು ಮಾಡುವುದು ಸಾಮಾನ್ಯವಾಗಿ ತೀರ್ಪುಗಾರರ ಕಡೆಗೆ.

ಗಿಸ್ಬರ್ನ್‌ನಲ್ಲಿ ಮಾರಾಟವಾದ ಮೂರು ಮನೆಗಳ ಒಟ್ಟು ಬೆಲೆ 140.16 ಲಕ್ಷ ಡಾಲರ್. ಇದರಲ್ಲಿ ಮೀಸಲು ಬೆಲೆಯ ಪಾಲು 122.40 ಲಕ್ಷ, ಅಂದರೆ ಶೇ 87.3. ಸ್ಪರ್ಧಿಗಳ ಕೈಗೆ ಬಂದದ್ದು 17.76 ಲಕ್ಷ, ಶೇ 12.7. ಈ 17.76 ಲಕ್ಷದಲ್ಲೂ 15.87 ಲಕ್ಷ ಒಂದೇ ಜೋಡಿಗೆ, ಒಮರ್ ಮತ್ತು ಓಜ್‌ ಅವರಿಗೆ, ಹೋಯಿತು. ಐದು ಜೋಡಿಗಳು ಒಂದೇ ಋತುವಿನಲ್ಲಿ, ಒಂದೇ ತೀರ್ಪುಗಾರರ ಮುಂದೆ ಮಾಡಿದ ಕೆಲಸದ ಪ್ರತಿಫಲದಲ್ಲಿ ಶೇ 89 ಒಬ್ಬರಿಗೆ. ಅಡುಗೆಮನೆಗೆ 28 ಅಂಕ ಬಂತೋ 26 ಬಂತೋ ಎಂದು ಮೂರು ತಿಂಗಳು ವಾದ ಮಾಡಿದ ಪ್ರೇಕ್ಷಕರಿಗೆ ಇದು ಒಪ್ಪಿಗೆಯಾಗದಿರುವುದು ಸಹಜ. 28ಕ್ಕೂ 26ಕ್ಕೂ ನಡುವಿನ ಅಂತರ ಶೇ 7ರಷ್ಟು, 15.87 ಲಕ್ಷಕ್ಕೂ 20 ಸಾವಿರಕ್ಕೂ ನಡುವಿನದು 79 ಪಟ್ಟು.

ಆ 20 ಸಾವಿರವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಟಾಮ್ ಮತ್ತು ಸಾರಾ-ಜೇನ್ ಜೋಡಿಯ ಲಾಭ ಅಕ್ಷರಶಃ 20,000 ಡಾಲರ್ 1 ಸೆಂಟ್. ಆ ವರ್ಷದ ಕೊನೆಗೆ ಆಸ್ಟ್ರೇಲಿಯಾದಲ್ಲಿ ಪೂರ್ಣಾವಧಿ ನೌಕರರ ಸರಾಸರಿ ವಾರದ ಗಳಿಕೆ ಸುಮಾರು 1,800 ಡಾಲರ್. ಇಬ್ಬರು 12 ವಾರ ತಮ್ಮ ಪಾಡಿಗೆ ಕೆಲಸಕ್ಕೆ ಹೋಗಿದ್ದರೆ 43,200 ಡಾಲರ್ ಆಗುತ್ತಿತ್ತು. ಹರಾಜಿನ ಲಾಭ ಅದರ ಶೇ 46. ವಾರದ ಗೆಲುವಿನ ಹಣ ಬೇರೆ, ನಿಜ. ಅದು ಸಿಕ್ಕವರಿಗೆ ಸಿಕ್ಕಿತು. ಆದರೆ ವಿಕ್ಟೋರಿಯಾದ ಮುದ್ರಾಂಕ ಶುಲ್ಕದ ಲೆಕ್ಕವೂ ಇದೆ: 20 ಲಕ್ಷ ಡಾಲರ್ ಮೀರಿದ ಆಸ್ತಿಗೆ 1.10 ಲಕ್ಷ ಡಾಲರ್ ಮತ್ತು 20 ಲಕ್ಷದ ಮೇಲಿನ ಮೊತ್ತಕ್ಕೆ ಶೇ 6.5. ಆ ಪ್ರಕಾರ 41 ಲಕ್ಷದ ಈ ಮನೆಗೆ ಶುಲ್ಕ 2,46,500 ಡಾಲರ್. ಮನೆ ಕಟ್ಟಿದ ಜೋಡಿಗೆ ಬಂದದ್ದಕ್ಕಿಂತ ರಾಜ್ಯದ ಖಜಾನೆಯ ಬಾಬ್ತು 12 ಪಟ್ಟು ಹೆಚ್ಚು.

ಕೌಶಲ ಇದ್ದವರು ಗೆಲ್ಲುತ್ತಾರೆ ಎಂಬ ವಾದಕ್ಕೆ ಎದುರಾಗಿ ಇಡಬಹುದಾದ ಉದಾಹರಣೆ 2014 ಮತ್ತು 2015ರದು. 2014ರಲ್ಲಿ ಮೆಲ್ಬರ್ನ್‌ನ ಪ್ರಾಹ್ರನ್‌ನಲ್ಲಿ ನಡೆದ ‘ಗ್ಲಾಸ್‌ಹೌಸ್’ ಆವೃತ್ತಿಯಲ್ಲಿ ಡ್ಯಾರೆನ್ ಮತ್ತು ಡೀ ಜೋಡಿಗೆ ಬಂದ ಲಾಭ 10,000 ಡಾಲರ್. ಇನ್ನೊಂದು ಜೋಡಿಗೂ ಅಷ್ಟೇ. ಅದೇ ಹರಾಜಿನಲ್ಲಿ ಗೆದ್ದ ಶಾನನ್ ಮತ್ತು ಸೈಮನ್ ಸಹೋದರರಿಗೆ 3.35 ಲಕ್ಷ. ಡ್ಯಾರೆನ್ ಮತ್ತು ಡೀ ಮುಂದಿನ ವರ್ಷ ‘ಟ್ರಿಪಲ್ ಥ್ರೆಟ್’ ಆವೃತ್ತಿಗೆ ಮರಳಿ ಬಂದರು, ಸೌತ್ ಯಾರಾದಲ್ಲಿ. ಈ ಸಲ ಲಾಭ 8.35 ಲಕ್ಷ ಡಾಲರ್, ಮೇಲೆ 1 ಲಕ್ಷದ ಬಹುಮಾನ. ಅದೇ ಇಬ್ಬರು, ಅದೇ ನಗರ, ನಡುವೆ ಒಂದು ವರ್ಷವೂ ಇಲ್ಲ, ಲಾಭ 83.5 ಪಟ್ಟು. ಅಷ್ಟರಲ್ಲಿ ಅವರ ಕೈಚಳಕ 83.5 ಪಟ್ಟು ಬೆಳೆಯಿತು ಎಂದು ಯಾರೂ ವಾದಿಸಲಾರರು. 2015ರಲ್ಲಿ ಸ್ಪರ್ಧಿಸಿದ ಉಳಿದ ಮೂರು ಜೋಡಿಗಳ ಲಾಭವೂ ತಲಾ 6 ಲಕ್ಷ ಮೀರಿತ್ತು ಎಂಬುದನ್ನು ಸೇರಿಸಿದರೆ, ಬದಲಾದದ್ದು ಮೀಸಲು ಬೆಲೆಗೂ ಮಾರುಕಟ್ಟೆ ಬೆಲೆಗೂ ನಡುವಿನ ಅಂತರ ಎಂಬುದು ಸ್ಪಷ್ಟ.

ಈ ಅಂತರವನ್ನು ಡಾಲರಿನಲ್ಲಿ ಅಳೆದರೆ ವರ್ಷಗಳ ಹೋಲಿಕೆ ತಪ್ಪುತ್ತದೆ. 2003ರ ಮೊದಲ ಆವೃತ್ತಿಯಲ್ಲಿ ಸಿಡ್ನಿಯ ಬೊಂಡೈನಲ್ಲಿ ಗೆದ್ದ ಆಡಂ ಮತ್ತು ಫಿಯೋನಾ ಅವರ ಫ್ಲ್ಯಾಟ್ 7.51 ಲಕ್ಷಕ್ಕೆ ಮಾರಾಟವಾಯಿತು, ಲಾಭ 1.56 ಲಕ್ಷ. ಮೀಸಲು ಬೆಲೆ 5.95 ಲಕ್ಷ, ಹಾಗಾಗಿ ಏರಿಕೆ ಶೇ 26.2. 2020ರಲ್ಲಿ ಮೆಲ್ಬರ್ನ್‌ನ ಬ್ರೈಟನ್‌ನಲ್ಲಿ ಗೆದ್ದ ಜಿಮ್ಮಿ ಮತ್ತು ಟ್ಯಾಮ್ ಅವರ ಲಾಭ 9.66 ಲಕ್ಷ, ಮೊದಲ ವರ್ಷದ ಆರು ಪಟ್ಟಿಗಿಂತ ಹೆಚ್ಚು. ಆದರೆ ಮೀಸಲು ಬೆಲೆ 32.90 ಲಕ್ಷ ಇತ್ತು, ಏರಿಕೆ ಶೇ 29.4. ಡಾಲರಿನಲ್ಲಿ ಆರು ಪಟ್ಟು ಕಂಡದ್ದು ಶೇಕಡಾವಾರಿನಲ್ಲಿ ಮೂರು ಅಂಶ ಮಾತ್ರ.

ಶೇಕಡಾವಾರು ಅಳತೆಯಲ್ಲಿ ಕೆಲವು ವರ್ಷಗಳ ಸ್ಥಾನ ಅದಲುಬದಲಾಗುತ್ತದೆ. 2012ರ ಸೌತ್ ಮೆಲ್ಬರ್ನ್ ಆವೃತ್ತಿಯಲ್ಲಿ ಬ್ರ್ಯಾಡ್ ಮತ್ತು ಲಾರಾ ಅವರ ಮನೆ 16.20 ಲಕ್ಷಕ್ಕೆ ಹೋಗಿ 5.06 ಲಕ್ಷ ಲಾಭ ತಂದಿತು, ಶೇ 45.4. ಹತ್ತು ವರ್ಷ ಕಳೆದು ಒಮರ್ ಮತ್ತು ಓಜ್ ಮೂರು ಪಟ್ಟು ಹಣ ತೆಗೆದುಕೊಂಡರೂ ಅವರ ಏರಿಕೆ ಶೇ 38.9. ಇನ್ನೊಂದು ತುದಿಯಲ್ಲಿ 2011ರ ರಿಚ್‌ಮಂಡ್ ಇದೆ. ನಾಲ್ಕು ಮನೆಗಳಲ್ಲಿ ಮೂರಕ್ಕೆ ಹರಾಜಿನಲ್ಲಿ ಮೀಸಲು ಬೆಲೆ ಬರಲಿಲ್ಲ. ಮಾರಾಟವಾದ ಒಂದೇ ಮನೆ 8.55 ಲಕ್ಷಕ್ಕೆ ಹೋಗಿ ಪಾಲಿ ಮತ್ತು ವಾಜ್ ಅವರಿಗೆ 15,000 ಡಾಲರ್ ಲಾಭ ಕೊಟ್ಟಿತು: ಶೇ 1.8. ಗೆಲುವಿನ ಬಹುಮಾನವೇ ಲಾಭದ 6.7 ಪಟ್ಟು. ಅಂದರೆ ಸ್ಪರ್ಧೆ ಗೆದ್ದವರು ಮನೆಯಿಂದ ಗಳಿಸಿದ್ದಕ್ಕಿಂತ ಗೆದ್ದದ್ದರಿಂದ ಗಳಿಸಿದ್ದು ಹೆಚ್ಚು.

ಮೀಸಲು ಬೆಲೆ ಎತ್ತರದಲ್ಲಿತ್ತು, ಮಾರುಕಟ್ಟೆ ಬಿದ್ದಿತ್ತು ಎಂಬುದು ಪ್ರತಿ ಕೆಟ್ಟ ವರ್ಷದ ವಿವರಣೆ. 2022ಕ್ಕೆ ಇದು ಒಪ್ಪುತ್ತದೆ. ಆಸ್ಟ್ರೇಲಿಯಾದ ರಿಸರ್ವ್ ಬ್ಯಾಂಕಿನ ನಗದು ದರ, ನಮ್ಮ ರೆಪೊ ದರದಂತೆ ಬ್ಯಾಂಕ್ ಸಾಲಗಳ ಬಡ್ಡಿಗೆ ಬುನಾದಿಯಾದದ್ದು, 2022ರ ಮೇ ಆರಂಭದವರೆಗೆ ಶೇ 0.10 ಇತ್ತು. ಮೇಯಿಂದ ನವೆಂಬರ್‌ವರೆಗೆ ಪ್ರತಿ ತಿಂಗಳೂ ಏರಿ, ಹರಾಜಿಗೆ ನಾಲ್ಕು ದಿನ ಮುಂಚೆ ಶೇ 2.85 ಮುಟ್ಟಿತು. ಈ ಏರಿಕೆ ಪೂರ್ತಿಯಾಗಿ ಸಾಲಗಾರನಿಗೆ ದಾಟಿದರೆ 30 ಲಕ್ಷ ಡಾಲರ್ ಸಾಲದ ಮೇಲೆ ವರ್ಷಕ್ಕೆ 82,500 ಡಾಲರ್ ಹೆಚ್ಚುವರಿ ಬಡ್ಡಿ. ಮನೆಗಳ ಕೆಲಸ ಶುರುವಾದಾಗಿನ ಲೆಕ್ಕ ಹರಾಜಿನ ದಿನ ಉಳಿದಿರಲಿಲ್ಲ. ಮೆಲ್ಬರ್ನ್‌ನಿಂದ ದೂರದ ಊರು, ಒಂದೊಂದು ಮನೆಗೂ ಹತ್ತು ಎಕರೆ ಜಾಗ. ಅಷ್ಟು ದೊಡ್ಡ ಸಾಲ ಎತ್ತಿ ಕೊಳ್ಳುವವರು ಹೇಗೂ ಕಡಿಮೆ.

ಆದರೆ ಈ ವಿವರಣೆ ಮುಂದಿನ ಎರಡು ವರ್ಷಗಳಲ್ಲಿ ನಿಲ್ಲುವುದಿಲ್ಲ. 2023ರ ನವೆಂಬರ್ ಆರಂಭದಲ್ಲಿ ಹ್ಯಾಂಪ್ಟನ್ ಈಸ್ಟ್‌ನ ಹರಾಜು ನಡೆದಾಗ ದರ ಶೇ 4.10. ಗೆದ್ದ ಸ್ಟೆಫ್ ಮತ್ತು ಜಿಯಾನ್ ಅವರ ಮನೆ 33.50 ಲಕ್ಷ ಮೀಸಲು ಬೆಲೆಯಿಂದ 50 ಲಕ್ಷಕ್ಕೆ ಏರಿತು, ಶೇ 49.3. 2024ರಲ್ಲಿ ದರ ಶೇ 4.35, ಫಿಲಿಪ್ ಐಲ್ಯಾಂಡ್‌ನಲ್ಲಿ ಗೆದ್ದ ಮ್ಯಾಡಿ ಮತ್ತು ಶಾರ್ಲೆಟ್ ಅವರ ಮನೆ 19.50 ಲಕ್ಷದಿಂದ 35 ಲಕ್ಷಕ್ಕೆ, ಶೇ 79.5. ಬಡ್ಡಿ ಶೇ 0.10 ಇದ್ದ 2021ರಲ್ಲಿ ಗೆದ್ದ ಮಿಚ್ ಮತ್ತು ಮಾರ್ಕ್ ಅವರ ಏರಿಕೆ ಶೇ 19. 2021ರಿಂದ 2024ರವರೆಗೆ ಬಡ್ಡಿ ಹೆಚ್ಚಾದಷ್ಟೂ ವಿಜೇತರ ಏರಿಕೆ ಹೆಚ್ಚಾಗಿದೆ. ಸಾಲ ಮಾಡಿ ಮನೆ ಕೊಳ್ಳುವವರ ಮಾರುಕಟ್ಟೆಯಲ್ಲಿ ಹೀಗಾಗುವುದಿಲ್ಲ.

ಕಾರಣ ಕೊಳ್ಳುವವರ ಸಂಖ್ಯೆಯಲ್ಲಿದೆ. 2020ರಲ್ಲಿ ಜಿಮ್ಮಿ ಮತ್ತು ಟ್ಯಾಮ್ ಅವರ ಮನೆಯನ್ನೂ 2022ರಲ್ಲಿ ಒಮರ್ ಮತ್ತು ಓಜ್ ಅವರ ಮನೆಯನ್ನೂ ಕೊಂಡವರು ಒಬ್ಬರೇ, ತಂತ್ರಜ್ಞಾನ ಉದ್ಯಮಿ ಡ್ಯಾನಿ ವಾಲಿಸ್. 2024ರಲ್ಲಿ ಐದೂ ಮನೆಗಳನ್ನು ಕೊಂಡವರು ಏಡ್ರಿಯನ್ ಪೋರ್ಟೆಲ್ಲಿ. ಸದಸ್ಯತ್ವ ಪಡೆದವರಿಗೆ ಬಹುಮಾನದ ಡ್ರಾ ನಡೆಸುವ ವ್ಯಾಪಾರ ಅವರದು. ಐದಕ್ಕೆ ಕೊಟ್ಟದ್ದು ಸುಮಾರು 1.5 ಕೋಟಿ ಡಾಲರ್. ಒಂದು ಹರಾಜು, ಒಬ್ಬ ಗ್ರಾಹಕ, ಶೇ 100 ಪಾಲು. ಅವರಿಗೆ ಮನೆಯಷ್ಟೇ ಮುಖ್ಯವಾದದ್ದು ಮನೆ ಟಿವಿಯಲ್ಲಿ ಬಂದದ್ದು. ಅದನ್ನು ಜಾಹೀರಾತು ವೆಚ್ಚದಲ್ಲಿ ಬರೆದುಕೊಳ್ಳಬಹುದಾದ ವ್ಯಾಪಾರಿಗೆ ಬಡ್ಡಿ ದರದ ಚಿಂತೆ ಕಡಿಮೆ. ಅಂತಹ ಇಬ್ಬರು ಎದುರಾಬದುರಾ ಕೂಗಿದ ಮನೆ ಏರುತ್ತದೆ, ಅವರಿಗೆ ಬೇಡವಾದದ್ದು ಮೀಸಲು ಬೆಲೆಯ ಅಕ್ಕಪಕ್ಕ ನಿಲ್ಲುತ್ತದೆ. ಗಿಸ್ಬರ್ನ್‌ನ 79 ಪಟ್ಟು ಅಂತರಕ್ಕೆ ಇದಕ್ಕಿಂತ ದೂರ ಹುಡುಕಬೇಕಾಗಿಲ್ಲ.

ಕೂಗಿದ ಬೆಲೆಗಳಲ್ಲೇ ಒಂದು ಸುಳಿವಿದೆ. 2021ರಲ್ಲಿ ಗೆದ್ದ ಮನೆಯ ಬೆಲೆ 40,44,444.44 ಡಾಲರ್, ಲಾಭ 6,44,444.44. ಮರುವರ್ಷದ ಬೆಲೆಯಲ್ಲಿ ಮೊದಲ ಐದು ಬಿಟ್ಟರೆ ಎಲ್ಲ ಆರುಗಳು. ಸೆಂಟ್‌ಗಳವರೆಗೆ ಒಂದೇ ಅಂಕಿಯನ್ನು ಸಾಲಾಗಿ ಜೋಡಿಸಿ ಕೂಗುವವರು ಮಾಸಿಕ ಕಂತಿನ ಲೆಕ್ಕ ಹಾಕಿ ಬಂದವರಲ್ಲ.

ವೀಕ್ಷಕರ ಸಂಖ್ಯೆಯ ವಿಷಯದಲ್ಲಿ ಎಚ್ಚರ ಬೇಕು. 2003ರ ಅಂತಿಮ ಸಂಚಿಕೆಯನ್ನು ಐದು ಮಹಾನಗರಗಳಲ್ಲಿ 30 ಲಕ್ಷಕ್ಕೂ ಹೆಚ್ಚು ಮಂದಿ ನೋಡಿದರು. ಆಗ ಇಡೀ ದೇಶದ ಜನಸಂಖ್ಯೆ 2 ಕೋಟಿಗಿಂತ ಸ್ವಲ್ಪ ಕಡಿಮೆ. ಮೂರು ಮನೆ ಮಾರಾಟವಾಗದ 2011ರ ಅಂತಿಮ ಸಂಚಿಕೆಯೂ 30 ಲಕ್ಷ ದಾಟಿತು. ಇಂದಿನ ಸಂಖ್ಯೆಗಳನ್ನು ಇವುಗಳ ಪಕ್ಕ ಇಡುವ ಹಾಗಿಲ್ಲ. ಆಗ ಲೆಕ್ಕ ಹಾಕುತ್ತಿದ್ದದ್ದು ಮಹಾನಗರಗಳ ಸರಾಸರಿ ವೀಕ್ಷಕರನ್ನು. 2024ರಿಂದ ಅಲ್ಲಿನ ಉದ್ಯಮ ಮುಂದಿಡುವುದು ದೇಶವ್ಯಾಪಿ ‘ರೀಚ್’ ಅನ್ನು, ಅಂದರೆ ಒಂದು ನಿಮಿಷವಾದರೂ ನೋಡಿದವರೆಲ್ಲರನ್ನು. ಒಂದು ನಿಮಿಷ ನೋಡಿದವನೂ ಒಂದೂವರೆ ಗಂಟೆ ಕೂತವನೂ ಅಲ್ಲಿ ಸಮ. ಎರಡು ಅಳತೆಗಳನ್ನು ಬೆರೆಸಿ ಏರಿತು, ಇಳಿಯಿತು ಎಂದು ಬರೆಯುವುದಕ್ಕೆ ಅರ್ಥವಿಲ್ಲ. 2011 ಹೇಳುವುದು ಇಷ್ಟು: ಫಲಿತಾಂಶ ಅನ್ಯಾಯವಾಗಿ ಕಂಡ ರಾತ್ರಿಯೂ ಜನ ನೋಡಿದರು. ವಾಹಿನಿಗೆ ನಷ್ಟವಾದ ಮನೆಗಳು ಜಾಹೀರಾತಿಗೆ ನಷ್ಟವಾಗಲಿಲ್ಲ.

ಪ್ರೇಕ್ಷಕರ ಇನ್ನೊಂದು ದೂರು ಸ್ಪರ್ಧೆ ತಮ್ಮಿಂದ ದೂರ ಸರಿದಿದೆ ಎಂಬುದು. ಇದಕ್ಕೂ ಅಂಕಿಗಳ ಬೆಂಬಲ ಇದೆ, ಒಂದು ಷರತ್ತಿನೊಂದಿಗೆ. 2003ರ ವಿಜೇತರ ಮೀಸಲು ಬೆಲೆ 5.95 ಲಕ್ಷ, 2022ರದು 40.80 ಲಕ್ಷ: 6.9 ಪಟ್ಟು. ಅದೇ ಅವಧಿಯಲ್ಲಿ ಗ್ರಾಹಕ ಬೆಲೆ ಸೂಚ್ಯಂಕ ಏರಿದ್ದು ಸುಮಾರು ಶೇ 62, ಪೂರ್ಣಾವಧಿ ನೌಕರರ ಸರಾಸರಿ ಗಳಿಕೆ ಇಮ್ಮಡಿಯ ಆಸುಪಾಸು. ಷರತ್ತು ಏನೆಂದರೆ, 2003ರದು ಬೊಂಡೈನ ಫ್ಲ್ಯಾಟ್, 2022ರದು ಹತ್ತು ಎಕರೆಯ ಬಂಗಲೆ. ಒಂದೇ ವಸ್ತುವಿನ ಬೆಲೆ ಏರಿಕೆ ಇದಲ್ಲ. ಆದರೆ ನೋಡುಗನ ಪ್ರಶ್ನೆಯೂ ಅದೇ. ಮೊದಲ ವರ್ಷ ಟಿವಿಯಲ್ಲಿ ಕಂಡ ಮನೆಯ ಬೆಲೆ ವಾರದ ಸರಾಸರಿ ಗಳಿಕೆಯ 650 ಪಟ್ಟಿನಷ್ಟಿತ್ತು. 2022ರಲ್ಲಿ 2,260 ಪಟ್ಟು. ಕೊಳ್ಳಲಾಗದ ಮನೆಯ ಅಂಚುಕಲ್ಲಿನ ಬಣ್ಣದ ಬಗ್ಗೆ ಅಭಿಪ್ರಾಯ ಹೇಳುವುದು ಬೇರೆ ಬಗೆಯ ಕೆಲಸ.

ಹೀಗಲ್ಲದ ಮಾದರಿಗಳೂ ಇದ್ದವು. ಬಿಬಿಸಿಯ ‘ಚೇಂಜಿಂಗ್ ರೂಮ್ಸ್’ 1996ರಿಂದ 2004ರವರೆಗೆ ನಡೆಯಿತು. ನೆರೆಹೊರೆಯ ಇಬ್ಬರು ಒಬ್ಬರ ಕೋಣೆಯನ್ನು ಇನ್ನೊಬ್ಬರು ಎರಡು ದಿನದಲ್ಲಿ 500 ಪೌಂಡ್‌ನಲ್ಲಿ ಬದಲಿಸುವುದು. ಅದರ ಅಮೆರಿಕದ ರೂಪ ‘ಟ್ರೇಡಿಂಗ್ ಸ್ಪೇಸಸ್’ 2000ದಲ್ಲಿ ಬಂತು, ಎರಡು ದಿನ, 1,000 ಅಮೆರಿಕನ್ ಡಾಲರ್. 2018ರಲ್ಲಿ ಅದನ್ನು ಮರಳಿ ತಂದಾಗ ಮಿತಿ 2,000ಕ್ಕೆ ಏರಿತು. ಅದರ ಮೊದಲ ಅವತಾರದಲ್ಲಿ ವಿನ್ಯಾಸಕಿ ಹಿಲ್ಡಿ ಸ್ಯಾಂಟೊ-ಟೋಮಸ್ ಒಂದು ಮನೆಯ ಗೋಡೆಗೆ ಒಣಹುಲ್ಲು ಅಂಟಿಸಿದ್ದು ಇಂದಿಗೂ ಬೈಗುಳ ತಿನ್ನುತ್ತದೆ. ಆದರೆ ಬೈಯುವವರಿಗೆ ಒಂದು ಅನುಕೂಲವಿತ್ತು, ಮೊತ್ತ ತಮ್ಮ ಕೈಗೆಟುಕುವುದು. ಎಚ್‌ಜಿಟಿವಿಯ ‘ಡಿಸೈನ್ ಸ್ಟಾರ್’ 2006ರ ಮೊದಲ ವರ್ಷ ಅಂತಿಮ ತೀರ್ಪನ್ನು ವೀಕ್ಷಕರ ಮತಕ್ಕೇ ಬಿಟ್ಟಿತು, ಡೇವಿಡ್ ಬ್ರೊಮ್‌ಸ್ಟ್ಯಾಡ್ ಗೆದ್ದರು. ಅಲ್ಲಿ ತೀರ್ಪು ಮನೆಮನೆಗಳಿಂದ ಬಂತು. ‘ದಿ ಬ್ಲಾಕ್’ನಲ್ಲಿ ಅದು ಹರಾಜಿನ ಮುಂದಿನ ಸಾಲಿನಿಂದ ಬರುತ್ತದೆ, 2024ರಲ್ಲಂತೂ ಒಂದೇ ಕುರ್ಚಿಯಿಂದ.

ವಂಚನೆಯ ಮಾತು ಒಮ್ಮೆ ಎದ್ದಿತ್ತು. 2021ರಲ್ಲಿ ಮುಂದಿನ ವಾರಗಳ ಕೆಲಸದ ಪಟ್ಟಿಯ ಫೋಟೊ ಎರಡು ತಂಡಗಳ ಕೈಗೆ ಸಿಕ್ಕಿದ್ದು ಬಯಲಾಗಿ ವಾರಗಟ್ಟಲೆ ಚರ್ಚೆಯಾಯಿತು. ಆ ಪಟ್ಟಿಯಿಂದ ಸಿಗಬಹುದಾದ ಲಾಭ ಹೆಚ್ಚೆಂದರೆ ಒಂದೆರಡು ವಾರದ ಗೆಲುವು, ತಲಾ 10,000 ಡಾಲರ್. ಗಿಸ್ಬರ್ನ್‌ನಲ್ಲಿ ಎಲ್ಲ ಮನೆಗಳ ಮೀಸಲು ಬೆಲೆಯನ್ನು ಶೇ 5 ಇಳಿಸಿದ್ದರೆ ಮನೆ ಮಾರಾಟವಾದ ಪ್ರತಿ ಜೋಡಿಗೂ 2.04 ಲಕ್ಷ ಹೆಚ್ಚು ಸಿಗುತ್ತಿತ್ತು. ಟಾಮ್ ಮತ್ತು ಸಾರಾ-ಜೇನ್ ಅವರ ಲಾಭ 20 ಸಾವಿರದಿಂದ 2.24 ಲಕ್ಷಕ್ಕೆ, 11 ಪಟ್ಟು ಆಗುತ್ತಿತ್ತು. ಜನರ ಸಿಟ್ಟು ಹತ್ತು ಸಾವಿರದ ಕಡೆಗೆ ಹರಿಯಿತು, ಎರಡು ಲಕ್ಷದ ಕಡೆಗೆ ಅಷ್ಟಾಗಿ ಹರಿಯಲಿಲ್ಲ. ಮೀಸಲು ಬೆಲೆ ಗೊತ್ತು ಮಾಡುವ ಕೋಣೆಗೆ ಅಂಕ ಕೊಡುವವರಿಲ್ಲ.

2025ರಲ್ಲಿ ಸ್ಪರ್ಧೆ ಡೇಲ್ಸ್‌ಫರ್ಡ್‌ಗೆ ಹೋಯಿತು. ಮೆಲ್ಬರ್ನ್‌ನಿಂದ ಮತ್ತೆ ದೂರದ ಊರು, ಮತ್ತೆ ಐದು ಮನೆಗಳಿಗೆ ಒಂದೇ ಮೀಸಲು ಬೆಲೆ, 29.90 ಲಕ್ಷ ಡಾಲರ್. ನಗದು ದರ ಶೇ 3.60ಕ್ಕೆ ಇಳಿದಿತ್ತು, 2024ಕ್ಕಿಂತ 0.75 ಅಂಶ ಕಡಿಮೆ. ಗೆದ್ದ ಬ್ರಿಟ್ ಮತ್ತು ಟ್ಯಾಜ್ ಅವರ ಮನೆ 34.10 ಲಕ್ಷಕ್ಕೆ ಮಾರಾಟವಾಯಿತು, ಲಾಭ 4.20 ಲಕ್ಷ, ಏರಿಕೆ ಶೇ 14. ಹಿಂದಿನ ವರ್ಷದ ವಿಜೇತರ ಲಾಭ 15.50 ಲಕ್ಷ, ಇಳಿಕೆ ಶೇ 73. ಐದರಲ್ಲಿ ಎರಡು ಮನೆಗಳಿಗೆ ಈ ಸಲವೂ ಹರಾಜಿನಲ್ಲಿ ಮೀಸಲು ಬೆಲೆ ಬರಲಿಲ್ಲ.